ಸೂತ್ರವೂ ನಕ್ಷೆಯೂ ಒಂದೇ ಹಾಳೆಗೆ ಬಂದ ಬಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಲೇತ್ ಶಾಪುಗಳ ಮಗ್ಗುಲಲ್ಲೇ ಎರಡು ಎಂಜಿನಿಯರಿಂಗ್ ಕಾಲೇಜುಗಳಿವೆ: ಗೋಗಟೆ ತಾಂತ್ರಿಕ ಸಂಸ್ಥೆ ಮತ್ತು ಕೆಎಲ್‌ಇ ಸಂಸ್ಥೆಯ ಎಂ.ಎಸ್. ಶೇಷಗಿರಿ ಕಾಲೇಜು. ಎರಡೂ 1979ರಲ್ಲಿ ಶುರುವಾದವು. ಆ ಕಾಲದ ಪ್ರಾಜೆಕ್ಟ್ ರಿಪೋರ್ಟೆಂದರೆ ಟೈಪ್‌ರೈಟರಿನ ಕೆಲಸ. ಸಮಾಕಲನದ ಚಿಹ್ನೆ ಬರುವ ಕಡೆ ಜಾಗ ಬಿಟ್ಟು ಟೈಪ್ ಮಾಡಿಸಿ, ಆಮೇಲೆ ಕರಿ ಶಾಯಿಯಲ್ಲಿ ಕೈಯಿಂದ ತುಂಬಬೇಕು. ಯಂತ್ರಭಾಗದ ನಕ್ಷೆ ಟ್ರೇಸಿಂಗ್ ಹಾಳೆಯಿಂದ ಅಮೋನಿಯಾ ಪ್ರಿಂಟಾಗಿ, ಮಡಚಿಕೊಂಡು ಕೊನೆಯ ಪುಟಕ್ಕೆ ಸೇರುತ್ತಿತ್ತು. ಲೆಕ್ಕ ಒಂದು ಕಡೆ, ನಕ್ಷೆ ಇನ್ನೊಂದು ಕಡೆ.

ಹೊರಗೆ ಅಷ್ಟರಲ್ಲೇ ದಾರಿ ತೆರೆದಿತ್ತು. ಬೆಲ್ ಲ್ಯಾಬ್ಸ್‌ನ ಕರ್ನಿಗನ್ ಮತ್ತು ಲೊರಿಂಡಾ ಚೆರಿ 1975ರಲ್ಲಿ, ಸೂತ್ರವನ್ನು ಬಾಯಲ್ಲಿ ಓದಿ ಹೇಳುವಂತೆಯೇ ಟೈಪ್ ಮಾಡುವ ವ್ಯವಸ್ಥೆಯನ್ನು ವಿವರಿಸಿದರು. ತಮ್ಮ ಪುಸ್ತಕದ ಕರಡಚ್ಚು ನೋಡಿ ಬೇಸತ್ತ ಡೊನಾಲ್ಡ್ ಕ್ನೂತ್ 1978ರಲ್ಲಿ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ಹೊರತಂದರು. ಸೂತ್ರದ ಅಚ್ಚುಕಟ್ಟಿಗೆ ಇಂದಿಗೂ ಅದೇ ಅಳತೆಗೋಲು.

ನಮ್ಮ ಡಿಟಿಪಿ ಅಂಗಡಿಗಳಿಗೆ ಒಗ್ಗಿದ್ದು ಮಾತ್ರ ವರ್ಡ್. 1991ರ ಆವೃತ್ತಿಯಲ್ಲಿ ಇಕ್ವೇಷನ್ ಎಡಿಟರ್ ಬಂತು. ಅಲ್ಲಿ ಸೂತ್ರವೆಂದರೆ ಪುಟದೊಳಗೆ ಕೂರಿಸಿದ ಬೇರೆಯದೇ ವಸ್ತು. ತಿದ್ದಲು ಅದೇ ಎಡಿಟರ್ ಬೇಕು. ಭದ್ರತಾ ದೋಷದ ಕಾರಣ 2018ರ ಜನವರಿಯಲ್ಲಿ ಮೈಕ್ರೊಸಾಫ್ಟ್ ಅದನ್ನು ತೆಗೆದುಹಾಕಿತು. ಹಳೆಯ ರಿಪೋರ್ಟುಗಳ ಸೂತ್ರಗಳು ಕಣ್ಣಿಗೆ ಕಾಣುತ್ತಿದ್ದವು, ಕೈಗೆ ಸಿಗಲಿಲ್ಲ. 2007ರಿಂದಲೇ ಬೇರೆ ಮಾರ್ಗ ಸಿದ್ಧವಿತ್ತು: ಆಲ್ಟ್ ಜೊತೆ ಸಮಚಿಹ್ನೆಯ ಕೀಲಿ ಒತ್ತಿ, ಅಂಶ, ಛೇದಗಳ ನಡುವೆ ಓರೆಗೆರೆ ಹಾಕಿ ಬರೆದು ಸ್ಪೇಸ್ ಒತ್ತಿದರೆ ಅಂಶ ಮೇಲಕ್ಕೆ, ಛೇದ ಕೆಳಕ್ಕೆ ತಾವಾಗಿ ಸರಿಯುತ್ತವೆ. ಸೂತ್ರವೂ ಬರಹವೇ ಆಯಿತು. ನನ್ನ ಲೆಕ್ಕದಲ್ಲಿ ಈ ಕ್ಷೇತ್ರದ ನಿಜವಾದ ತಿರುವು ಇದು.

ಕನ್ನಡದಲ್ಲಿ ತಾಂತ್ರಿಕ ಪಾಠ ಬರೆಯುವವರಿಗೆ ಇನ್ನೊಂದು ತೊಡಕಿತ್ತು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ಹಿಂದೆ ಇರುತ್ತಿದ್ದುದು ಇಂಗ್ಲಿಷ್ ಅಕ್ಷರದ ಸಂಕೇತ. ಸೂತ್ರದ ಚೌಕಟ್ಟು ತನ್ನ ಗಣಿತ ಫಾಂಟನ್ನೇ ಹೇರುವುದರಿಂದ, ಅದರೊಳಗೆ ‘ವೇಗ’, ‘ದೂರ’ ಎಂದು ಬರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮೂಡುತ್ತಿದ್ದವು. ಯೂನಿಕೋಡ್ ಬಳಸಿದವರಿಗೆ ಈ ಕಾಟವಿಲ್ಲ. ಕನ್ನಡದಲ್ಲಿ ಎಂಜಿನಿಯರಿಂಗ್ ಕಲಿಸುವ ಮಾತಾಡುವವರು ಮೊದಲು ಗಮನಿಸಬೇಕಾದ ಸಂಗತಿ ಇದು. ಹಳೆಯ ಫಾಂಟಿನಲ್ಲಿ ಪಠ್ಯ ಸಿದ್ಧಪಡಿಸುವುದನ್ನು ಇನ್ನಾದರೂ ನಿಲ್ಲಿಸಬೇಕು.

ನಕ್ಷೆಗಳ ಕಥೆ ಇಷ್ಟು ಮುಂದೆ ಬಂದಿಲ್ಲ. ಆಟೊಕ್ಯಾಡ್ 1982ರ ಡಿಸೆಂಬರಿನಲ್ಲೇ ಬಂದು ಡ್ರಾಯಿಂಗ್ ಬೋರ್ಡನ್ನು ಕ್ರಮೇಣ ಮೂಲೆಗೆ ಸರಿಸಿತು. ಆದರೆ ಅಲ್ಲಿಂದ ವರ್ಡಿಗೆ ಬರುವಾಗ ಬಹಳಷ್ಟು ಜನ ಪರದೆಯ ಚಿತ್ರವನ್ನೇ ಅಂಟಿಸುತ್ತಾರೆ. ಕಪ್ಪು ಹಿನ್ನೆಲೆ ಹಾಗೆಯೇ ಉಳಿಯುತ್ತದೆ; ಚಿತ್ರ ಕುಗ್ಗಿಸಿದೊಡನೆ ಟಾಲರೆನ್ಸ್ ಅಂಕಿಗಳು ಮಸುಕಾಗುತ್ತವೆ. ದಶಮಾಂಶ ಬಿಂದು ಕಾಣದ ನಕ್ಷೆ ಹಿಡಿದು ಲೇತ್ ಮೇಲೆ ಏನು ಕೊರೆಯುವುದು? ಗೆರೆಗಳನ್ನು ಗೆರೆಗಳಾಗಿಯೇ ಉಳಿಸುವ ವೆಕ್ಟರ್ ರೂಪದಲ್ಲಿ ತಂದರೆ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದು. ವರ್ಡಿನಲ್ಲೇ ಬಾಣ, ಚೌಕ ಬಿಡಿಸುವವರು ಅವನ್ನು ಗ್ರೂಪ್ ಮಾಡಿ ಸಾಲಿನೊಳಗೇ ಇಡಬೇಕು. ಇಲ್ಲವಾದರೆ ಮೇಲೊಂದು ವಾಕ್ಯ ಸೇರಿಸಿದ ಕೂಡಲೇ ಬಾಣ ಬೇರೆ ಯಾವುದೋ ಕವಾಟಕ್ಕೆ ನಾಟಿರುತ್ತದೆ.

ಮೂಲ ನಕ್ಷೆ ಬದಲಾದರೆ ರಿಪೋರ್ಟಿನದೂ ಬದಲಾಗುವಂತೆ ಲಿಂಕ್ ಕೊಡುವ ಸೌಲಭ್ಯವೂ ಇದೆ. ಕಡತ ಪೆನ್‌ಡ್ರೈವಿನಲ್ಲಿ ಒಂಟಿಯಾಗಿ ಅಂಗಡಿಗೆ ಹೋದೊಡನೆ ಆ ಲಿಂಕ್ ಕಡಿಯುತ್ತದೆ. ಹಾಗಾಗಿ ಚಿತ್ರದಡಿ ಡ್ರಾಯಿಂಗ್ ಸಂಖ್ಯೆ, ರಿವಿಷನ್, ದಿನಾಂಕ ಬರೆಯುವ ವರ್ಕ್‌ಶಾಪಿನ ಹಳೆಯ ಶಿಸ್ತನ್ನು ವಿದ್ಯಾರ್ಥಿಗಳೂ ಬಿಡಬಾರದು.