ಡೆಟ್ರಾಯಿಟ್‌ನ ಹಿತ್ತಲ ಗಿಡ ಶಿಕಾಗೊಗೆ ಮದ್ದಾದ ಕಥೆ



ಮಾರ್ಚ್ ತಿಂಗಳ ನಡುವೆ ನಾವು ಯುಗಾದಿಗೆ ಬೇವಿನ ಸೊಪ್ಪು ಎಲ್ಲಿ ಸಿಗುತ್ತದೆ ಎಂದು ಇಂಡಿಯನ್ ಸ್ಟೋರ್‌ಗಳಿಗೆ ಫೋನ್ ಮಾಡುತ್ತಿರುವ ಹೊತ್ತಿಗೆ, ನಮ್ಮ ಮಕ್ಕಳ ಬಾಯಲ್ಲಿ ಬೇರೆಯೇ ಮಾತು ಶುರುವಾಗಿರುತ್ತದೆ. ಅದೇ ಫ್ರೀ ಏಜೆನ್ಸಿ! ಅಮೆರಿಕನ್ ಫುಟ್‌ಬಾಲಿನ ಆಟಗಳು ಫೆಬ್ರವರಿಯಲ್ಲೇ ಮುಗಿದಿರುತ್ತವೆ. ಆದರೂ ಯಾರು ಯಾವ ತಂಡ ಬಿಟ್ಟರು, ಯಾರನ್ನು ಎಷ್ಟು ಮಿಲಿಯನ್ ಕೊಟ್ಟು ಕರೆಸಿಕೊಂಡರು ಎಂಬ ಚರ್ಚೆ ಊಟದ ಮೇಜಿನವರೆಗೂ ಬರುತ್ತದೆ.

ಇದರಲ್ಲಿ ಮಕ್ಕಳಿಗೆ ಅತಿ ಹೆಚ್ಚು ಸಿಟ್ಟು ಬರಿಸುವ ಸುದ್ದಿ ಒಂದೇ. ತಮ್ಮ ತಂಡದ ಆಟಗಾರ ಪಕ್ಕದೂರಿನ ಎದುರಾಳಿ ತಂಡಕ್ಕೆ ಹೋಗುವುದು. "ನಿನ್ನೆವರೆಗೂ ನಮ್ಮವನಾಗಿದ್ದವನು ಇವತ್ತು ಅವರ ಕಡೆ ಹೇಗೆ ಹೋದ? ಅದು ಮೋಸ ಅಲ್ವಾ ಅಪ್ಪಾ?" ಎಂದು ಮಕ್ಕಳು ಕೇಳಿದರೆ, ಕ್ರಿಕೆಟ್ ನೋಡಿ ಬೆಳೆದ ನಮ್ಮಂಥವರು ಉತ್ತರಕ್ಕೆ ತಡಕಾಡಬೇಕಾಗುತ್ತದೆ. ಹಾಗೆ ತಡಕಾಡಿದವರಿಗಾಗಿ ಈ ಲೇಖನ. 2014ರಲ್ಲಿ ಡೆಟ್ರಾಯಿಟ್ ಲಯನ್ಸ್ ಬಿಟ್ಟು ಶಿಕಾಗೊ ಬೇರ್ಸ್ ಸೇರಿದ ವಿಲ್ಲಿ ಯಂಗ್ ಎಂಬ ಆಟಗಾರನ ಉದಾಹರಣೆ ಇಟ್ಟುಕೊಂಡು ಈ ಪದ್ಧತಿಯನ್ನು ಅರ್ಥ ಮಾಡಿಕೊಳ್ಳೋಣ.

ಎರಡು ಊರು, ಹಳೆಯ ಜಿದ್ದು

ಶಿಕಾಗೊಗೂ ಡೆಟ್ರಾಯಿಟ್‌ಗೂ ಐ-94 ಹೆದ್ದಾರಿಯಲ್ಲಿ ಸುಮಾರು 280 ಮೈಲಿ. ನೇಪರ್‌ವಿಲ್‌ನಿಂದ ಟ್ರಾಯ್‌ಗೆ, ನೋವೈನಿಂದ ಷಾಂಬರ್ಗ್‌ಗೆ ನೆಂಟರ ಮನೆಗೆ ಹೋಗಿಬರುವ ಕನ್ನಡ ಕುಟುಂಬಗಳಿಗೆ ಈ ದಾರಿ ಹೊಸದೇನಲ್ಲ. ಬೇರ್ಸ್ ತಂಡ ಹುಟ್ಟಿದ್ದು 1920ರಲ್ಲಿ. ಓಹಾಯೊ ರಾಜ್ಯದ ಪೋರ್ಟ್ಸ್‌ಮತ್ ಎಂಬ ಸಣ್ಣ ಊರಿನಲ್ಲಿದ್ದ ತಂಡ 1934ರಲ್ಲಿ ಡೆಟ್ರಾಯಿಟ್‌ಗೆ ಬಂದು ಲಯನ್ಸ್ ಆಯಿತು. ಅದೇ ವರ್ಷ ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯಿಟ್‌ನಲ್ಲಿ ಆಡಿಸುವ ಸಂಪ್ರದಾಯ ಶುರುವಾದಾಗ ಎದುರಾಳಿಯಾಗಿ ಬಂದದ್ದೂ ಬೇರ್ಸ್ ತಂಡವೇ. ಆ ದಿನ ಬೇರ್ಸ್ 19-16ರಿಂದ ಗೆದ್ದಿತು.

ಈಗ ಬೇರ್ಸ್, ಲಯನ್ಸ್, ಗ್ರೀನ್ ಬೇ ಪ್ಯಾಕರ್ಸ್ ಮತ್ತು ಮಿನೆಸೋಟ ವೈಕಿಂಗ್ಸ್ ನಾಲ್ಕೂ ಒಂದೇ ಗುಂಪಿನ ತಂಡಗಳು. ಗುಂಪಿನ ಹೆಸರು ಎನ್‌ಎಫ್‌ಸಿ ನಾರ್ತ್. ಪ್ರತಿ ವರ್ಷ ಒಬ್ಬರೊಡನೆ ಒಬ್ಬರು ಎರಡು ಬಾರಿ ಆಡಲೇಬೇಕು. ಹಾಗಾಗಿ ಗುಂಪಿನೊಳಗೇ ತಂಡ ಬದಲಿಸಿದ ಆಟಗಾರ ಕಣ್ಮರೆಯಾಗುವುದಿಲ್ಲ. ಹಳೆಯ ಮನೆಯವರ ಎದುರಿಗೇ ವರ್ಷಕ್ಕೆ ಎರಡು ಸಲ ಬಂದು ನಿಲ್ಲುತ್ತಾನೆ. ಅಭಿಮಾನಿಗಳಿಗೆ ಉರಿಯುವುದು ಇದಕ್ಕೇ!

ಫ್ರೀ ಏಜೆಂಟ್ ಅಂದರೆ ಯಾರು?

ಕಾಲೇಜು ಮುಗಿಸಿದ ಆಟಗಾರ ತನಗೆ ಬೇಕಾದ ತಂಡಕ್ಕೆ ಅರ್ಜಿ ಹಾಕುವಂತಿಲ್ಲ. ಪ್ರತಿ ವಸಂತದಲ್ಲಿ ನಡೆಯುವ ಡ್ರಾಫ್ಟ್‌ನಲ್ಲಿ ಏಳು ಸುತ್ತುಗಳಲ್ಲಿ ತಂಡಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಆರಿಸಿಕೊಂಡ ತಂಡದಲ್ಲೇ ಆಡಬೇಕು. ಊರು, ಕೋಚ್, ಹವಾಮಾನ ಯಾವುದೂ ಅವನ ಕೈಯಲ್ಲಿಲ್ಲ.

ಲೆಕ್ಕಕ್ಕೆ ಬರುವ ನಾಲ್ಕು ವರ್ಷ ಆಡಿ, ಒಪ್ಪಂದದ ಅವಧಿಯೂ ಮುಗಿದರೆ ಆತ ಪೂರ್ಣ ಸ್ವತಂತ್ರ. ಯಾವ ತಂಡದ ಜೊತೆ ಬೇಕಾದರೂ ಮಾತಾಡಬಹುದು. ಇವನೇ ಅನ್‌ರಿಸ್ಟ್ರಿಕ್ಟೆಡ್ ಫ್ರೀ ಏಜೆಂಟ್. ಮೂರೇ ವರ್ಷ ಆಗಿದ್ದರೆ ಸ್ವಾತಂತ್ರ್ಯ ಅರ್ಧ ಮಾತ್ರ. ಹಳೆಯ ತಂಡ ನಿಯಮದಂತೆ ಸಂಬಳದ ಪ್ರಸ್ತಾವ ಕೊಟ್ಟಿದ್ದರೆ, ಬೇರೆಯವರು ಕೊಡುವಷ್ಟನ್ನೇ ತಾನೂ ಕೊಟ್ಟು ಅವನನ್ನು ಉಳಿಸಿಕೊಳ್ಳಬಹುದು. ಇದಲ್ಲದೆ ಫ್ರಾಂಚೈಸ್ ಟ್ಯಾಗ್ ಎಂಬ ಅಸ್ತ್ರವೂ ಇದೆ. ವರ್ಷಕ್ಕೆ ಒಬ್ಬ ಆಟಗಾರನಿಗೆ, ನಿಯಮ ನಿಗದಿಪಡಿಸಿದ ದೊಡ್ಡ ಸಂಬಳ ಕೊಟ್ಟು ಒಂದು ವರ್ಷ ಕಟ್ಟಿಹಾಕಬಹುದು.

ಈ ಹಕ್ಕು ಸುಲಭವಾಗಿ ಬಂದದ್ದಲ್ಲ. 1989ರಿಂದ ಇದ್ದ ಪ್ಲಾನ್-ಬಿ ಎಂಬ ವ್ಯವಸ್ಥೆಯಲ್ಲಿ ಪ್ರತಿ ತಂಡ ತನ್ನ 37 ಆಟಗಾರರನ್ನು ಹೊರಗೆ ಬಿಡದಂತೆ ಕಾದಿರಿಸಬಹುದಿತ್ತು. ಅಂದರೆ ಚೆನ್ನಾಗಿ ಆಡುವವರಿಗೇ ಸ್ವಾತಂತ್ರ್ಯ ಇರಲಿಲ್ಲ. ನ್ಯೂಯಾರ್ಕ್ ಜೆಟ್ಸ್‌ನ ಫ್ರೀಮನ್ ಮೆಕ್‌ನೀಲ್ ಮತ್ತಿತರರು ಕೋರ್ಟಿಗೆ ಹೋದರು. 1992ರಲ್ಲಿ ಮಿನಿಯಾಪೊಲಿಸ್‌ನ ಜ್ಯೂರಿ ಆಟಗಾರರ ಪರವಾಗಿ ತೀರ್ಪು ಕೊಟ್ಟಿತು. 1993ರಲ್ಲಿ ಹೊಸ ಪದ್ಧತಿ ಬಂತು. ಆ ವರ್ಷವೇ ಫಿಲಡೆಲ್ಫಿಯಾದ ರೆಜಿ ವೈಟ್ ನಾಲ್ಕು ವರ್ಷಕ್ಕೆ 17 ಮಿಲಿಯನ್ ಡಾಲರಿಗೆ ಗ್ರೀನ್ ಬೇ ಸೇರಿದರು. ಆತನೂ ಡಿಫೆನ್ಸ್ ಆಟಗಾರನೇ. 1997ರ ಜನವರಿಯಲ್ಲಿ ಆ ತಂಡ ಸೂಪರ್ ಬೌಲ್ ಗೆದ್ದಿತು.

ಇದಕ್ಕೆ ಪ್ರತಿಯಾಗಿ ಮಾಲೀಕರು ಪಡೆದದ್ದು ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡ ಆಟಗಾರರ ಸಂಬಳಕ್ಕೆ ಇಡಬಹುದಾದ ಒಟ್ಟು ಮೊತ್ತದ ಮಿತಿ. 1994ರಲ್ಲಿ ಇದು 34.6 ಮಿಲಿಯನ್ ಡಾಲರ್ ಇತ್ತು. 2014ರಲ್ಲಿ 133 ಮಿಲಿಯನ್, 2025ರಲ್ಲಿ 279.2 ಮಿಲಿಯನ್. ಎಲ್ಲ ತಂಡಕ್ಕೂ ಒಂದೇ ಮಿತಿ. ಹಾಗಾಗಿ ಒಳ್ಳೆಯವರನ್ನೆಲ್ಲ ಉಳಿಸಿಕೊಳ್ಳಲು ಯಾರಿಂದಲೂ ಆಗದು. ಯಾರನ್ನು ಬಿಡಬೇಕು ಎಂಬುದೇ ಮ್ಯಾನೇಜರನಿಗೆ ತಲೆನೋವು.

ವಿಲ್ಲಿ ಯಂಗ್ ಯಾರು?

ಫ್ಲೋರಿಡಾದ ಹುಡುಗ. ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಡಿದವನು. 2010ರ ಡ್ರಾಫ್ಟ್‌ನಲ್ಲಿ ಲಯನ್ಸ್ ಮೊದಲ ಸುತ್ತಿನಲ್ಲಿ, ಎಲ್ಲರಲ್ಲಿ ಎರಡನೆಯವನಾಗಿ ಆರಿಸಿಕೊಂಡದ್ದು ಎನ್‌ಡಮುಕಾಂಗ್ ಸೂ ಎಂಬ ದೈತ್ಯನನ್ನು. ಅದೇ ವರ್ಷ ಏಳನೆಯ, ಅಂದರೆ ಕೊನೆಯ ಸುತ್ತಿನಲ್ಲಿ, 213ನೆಯವನಾಗಿ ಆರಿಸಿಕೊಂಡದ್ದು ವಿಲ್ಲಿ ಯಂಗ್‌ನನ್ನು. ಇಷ್ಟು ಹಿಂದೆ ಆಯ್ಕೆಯಾದವರಲ್ಲಿ ಅನೇಕರು ತಂಡದಲ್ಲಿ ಉಳಿಯುವುದೇ ಕಷ್ಟ.

ಈತ ಆಡುತ್ತಿದ್ದ ಜಾಗದ ಹೆಸರು ಡಿಫೆನ್ಸಿವ್ ಎಂಡ್. ಎದುರು ತಂಡದ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಬದಿಯಿಂದ ನುಗ್ಗಿ ಅವನನ್ನು ಕೆಡವುವುದು ಇವರ ಮುಖ್ಯ ಕೆಲಸ. ಕಬಡ್ಡಿಯಲ್ಲಿ ಒಳಗೆ ಬಂದವನನ್ನು ಗೆರೆ ಮುಟ್ಟುವ ಮೊದಲೇ ಹಿಡಿದು ಹಾಕುತ್ತೇವಲ್ಲ, ಹಾಗೆ. ಇದಕ್ಕೆ ಸ್ಯಾಕ್ ಎನ್ನುತ್ತಾರೆ. ಇಬ್ಬರು ಸೇರಿ ಕೆಡವಿದರೆ ಅರ್ಧರ್ಧ ಹಂಚಿಕೆ. ಯಂಗ್‌ಗೆ ಮೀನು ಹಿಡಿಯುವ ಹುಚ್ಚು. ಸ್ಯಾಕ್ ಮಾಡಿದಾಗಲೆಲ್ಲ ಗಾಳ ಎಸೆದು ಮೀನು ಎಳೆಯುವಂತೆ ಅಭಿನಯಿಸಿ ಪ್ರೇಕ್ಷಕರನ್ನು ನಗಿಸುತ್ತಿದ್ದ.

ಡೆಟ್ರಾಯಿಟ್‌ನಲ್ಲಿ ನಾಲ್ಕು ವರ್ಷದಲ್ಲಿ ಆತನ ಲೆಕ್ಕದಲ್ಲಿ ಆರೇ ಸ್ಯಾಕ್‌ಗಳು. ಹೆಚ್ಚು ಕಾಲ ಬದಲಿ ಆಟಗಾರನಾಗಿದ್ದು, 2013ರಲ್ಲಷ್ಟೇ ಮುಖ್ಯ ತಂಡದಲ್ಲಿ ಗಟ್ಟಿ ಸ್ಥಾನ ಸಿಕ್ಕಿತ್ತು. ಅಷ್ಟರಲ್ಲಿ ಲಯನ್ಸ್ ಅದೇ 2013ರ ಡ್ರಾಫ್ಟ್‌ನಲ್ಲಿ ಐದನೆಯವನಾಗಿ ಝಿಗ್ಗಿ ಆನ್ಸಾ ಎಂಬ ಡಿಫೆನ್ಸಿವ್ ಎಂಡ್‌ನನ್ನು ತಂದಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆ ನೆನಪಾಗುವುದು ಇಲ್ಲೇ.

2014ರ ಮಾರ್ಚ್

ಇತ್ತ ಶಿಕಾಗೊದ ಗತಿ ಕೆಟ್ಟಿತ್ತು. 2013ರಲ್ಲಿ ಎದುರಾಳಿಗಳು ಬೇರ್ಸ್ ವಿರುದ್ಧ ಚೆಂಡು ಹಿಡಿದು ಓಡಿ ಗಳಿಸಿದ್ದು ಪಂದ್ಯಕ್ಕೆ ಸರಾಸರಿ 161.4 ಗಜ. 32 ತಂಡಗಳಲ್ಲಿ ಇದೇ ಅತಿ ಕಳಪೆ. ಲಯನ್ಸ್ ಆ ವರ್ಷ ಎರಡೂ ಸಲ ಬೇರ್ಸ್‌ನ್ನು ಸೋಲಿಸಿತ್ತು.

ಬೇರ್ಸ್ ಮ್ಯಾನೇಜರ್ ಫಿಲ್ ಎಮರಿ ಡಿಫೆನ್ಸ್ ಸಾಲನ್ನು ಹೊಸದಾಗಿ ಕಟ್ಟಲು ಹೊರಟರು. ಹಿರಿಯ ಆಟಗಾರ ಜೂಲಿಯಸ್ ಪೆಪ್ಪರ್ಸ್‌ರನ್ನು ಕೈಬಿಟ್ಟರು. ಪ್ಯಾಕರ್ಸ್ ಅವರನ್ನು ಕೂಡಲೇ ಸೇರಿಸಿಕೊಂಡಿತು. ಅಲ್ಲಿಗೆ ಒಬ್ಬ ಪಕ್ಕದ ಮನೆಗೆ ಹೋದಂತಾಯಿತು. ಓಕ್ಲಂಡ್‌ನಿಂದ ಲಮಾರ್ ಹ್ಯೂಸ್ಟನ್ ಐದು ವರ್ಷಕ್ಕೆ 35 ಮಿಲಿಯನ್, ಮಿನೆಸೋಟದಿಂದ ಜೇರೆಡ್ ಆಲನ್ ನಾಲ್ಕು ವರ್ಷಕ್ಕೆ 32 ಮಿಲಿಯನ್, ಡೆಟ್ರಾಯಿಟ್‌ನಿಂದ ವಿಲ್ಲಿ ಯಂಗ್ ಮೂರು ವರ್ಷಕ್ಕೆ 9 ಮಿಲಿಯನ್ ಡಾಲರ್ ಒಪ್ಪಂದಕ್ಕೆ ಬಂದರು. ಮೂವರಲ್ಲಿ ಅಗ್ಗದವನು ಯಂಗ್.

ಇಲ್ಲೊಂದು ಎಚ್ಚರಿಕೆ. ಈ ಲೀಗ್‌ನಲ್ಲಿ "ಮೂರು ವರ್ಷಕ್ಕೆ ಇಷ್ಟು ಮಿಲಿಯನ್" ಎಂದರೆ ಅಷ್ಟೂ ಹಣ ಕೈಸೇರುತ್ತದೆ ಎಂದಲ್ಲ. ಸಾಮಾನ್ಯವಾಗಿ ಅದರಲ್ಲಿ ಒಂದು ಪಾಲಿಗೆ ಮಾತ್ರ ಖಾತರಿ. ಉಳಿದದ್ದು ತಂಡ ಅವನನ್ನು ಇಟ್ಟುಕೊಂಡರೆ ಉಂಟು, ಬಿಟ್ಟರೆ ಇಲ್ಲ. ಆದ್ದರಿಂದ ಪತ್ರಿಕೆಯ ದೊಡ್ಡ ಅಂಕಿ ನೋಡಿ ಬೆರಗಾಗದೆ, ಖಾತರಿ ಎಷ್ಟು ಎಂದು ನೋಡುವುದು ಜಾಣತನ.

ಆಮೇಲೆ ಏನಾಯಿತು?

35 ಮಿಲಿಯನ್‌ನ ಹ್ಯೂಸ್ಟನ್ 2014ರ ಅಕ್ಟೋಬರ್ 26ರಂದು ನ್ಯೂ ಇಂಗ್ಲೆಂಡ್ ವಿರುದ್ಧ, ತಂಡ ಹೀನಾಯವಾಗಿ ಸೋಲುತ್ತಿದ್ದಾಗ ಸಿಕ್ಕ ಒಂದು ಸ್ಯಾಕ್‌ಗೆ ಕುಣಿದು ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು ಆ ವರ್ಷದ ಆಟ ಮುಗಿಸಿದ. 32 ಮಿಲಿಯನ್‌ನ ಆಲನ್ ಗಳಿಸಿದ್ದು 5.5 ಸ್ಯಾಕ್. 9 ಮಿಲಿಯನ್‌ನ ಯಂಗ್ 10! ತಂಡದಲ್ಲಿ ಅವನದೇ ಅತಿ ಹೆಚ್ಚು. ಡೆಟ್ರಾಯಿಟ್‌ನ ನಾಲ್ಕು ವರ್ಷದ ಲೆಕ್ಕವನ್ನು ಒಂದೇ ವರ್ಷದಲ್ಲಿ ಮೀರಿಸಿದ್ದ.

ಹಾಗಾದರೆ ಶಿಕಾಗೊ ಗೆದ್ದಿತೇ? ಇಲ್ಲ. ಬೇರ್ಸ್ ಆ ವರ್ಷ 5 ಗೆದ್ದು 11 ಸೋತಿತು. ಯಂಗ್‌ನನ್ನು ಬಿಟ್ಟುಕೊಟ್ಟ ಲಯನ್ಸ್ 11 ಗೆದ್ದು 5 ಸೋತು ಪ್ಲೇ-ಆಫ್ ತಲುಪಿತು. ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯಿಟ್‌ನಲ್ಲಿ 34-17, ಡಿಸೆಂಬರ್ 21ರಂದು ಶಿಕಾಗೊದಲ್ಲಿ 20-14, ಎರಡೂ ಸಲ ಲಯನ್ಸ್ ಕೈ ಮೇಲಾಯಿತು. "ಹಳೆಯ ತಂಡದ ಗುಟ್ಟೆಲ್ಲ ಹೊಸ ತಂಡಕ್ಕೆ ಹೇಳಿಬಿಡುತ್ತಾನೆ" ಎಂದು ಅಭಿಮಾನಿಗಳು ಹೆದರುತ್ತಾರಲ್ಲ, ಆ ಹೆದರಿಕೆಗೆ ಈ ಎರಡು ಅಂಕಿಗಳೇ ಉತ್ತರ. ಲಯನ್ಸ್‌ಗೆ ಆ ವರ್ಷ ಜಿಮ್ ಕಾಲ್ಡ್‌ವೆಲ್ ಎಂಬ ಹೊಸ ಕೋಚ್ ಬಂದಿದ್ದರು. ಕೋಚ್ ಬದಲಾದರೆ ತಂತ್ರವೂ ಬದಲು. ಹಳೆಯ ಗುಟ್ಟಿನ ಬೆಲೆ ಎಷ್ಟಿದ್ದೀತು?

ಆ ಡಿಸೆಂಬರ್ 21ರ ಪಂದ್ಯದಲ್ಲೇ, ಹಳೆಯ ತಂಡದ ಎದುರಿಗೇ, ಯಂಗ್‌ನ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಓಡಿ ನುಗ್ಗುವ ಆಟಗಾರನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇಲ್ಲ. ಆದರೂ ಮರಳಿ ಬಂದು 2015ರಲ್ಲಿ 6.5, 2016ರಲ್ಲಿ 7.5 ಸ್ಯಾಕ್ ಗಳಿಸಿದ. 2017ರವರೆಗೆ ಬೇರ್ಸ್‌ಗೇ ಆಡಿದ.

ಈ ದಾರಿ ಒಂದು ಕಡೆಗೆ ಮಾತ್ರವಲ್ಲ

ಶಿಕಾಗೊದಿಂದ ಡೆಟ್ರಾಯಿಟ್‌ಗೆ ಹೋದ ಡಿಫೆನ್ಸ್ ಆಟಗಾರರೂ ಬೇಕಾದಷ್ಟು ಜನ. 2013ರಲ್ಲಿ ಇಸ್ರೇಲ್ ಇಡೊನಿಜೆ, 2017ರಲ್ಲಿ ಕಾರ್ನೀಲಿಯಸ್ ವಾಷಿಂಗ್ಟನ್, 2018ರಲ್ಲಿ ಕ್ರಿಶ್ಚಿಯನ್ ಜೋನ್ಸ್, 2020ರಲ್ಲಿ ನಿಕ್ ವಿಲಿಯಮ್ಸ್. ಆಫೆನ್ಸ್ ಕಡೆಯಿಂದ 2023ರಲ್ಲಿ ಡೇವಿಡ್ ಮಾಂಟ್‌ಗಮರಿ ಕೂಡ ಲಯನ್ಸ್ ಸೇರಿದರು. 2025ರ ಜನವರಿಯಲ್ಲಿ ಲಯನ್ಸ್‌ನ ಆಫೆನ್ಸ್ ಕೋಚ್ ಬೆನ್ ಜಾನ್ಸನ್ ಬೇರ್ಸ್‌ನ ಮುಖ್ಯ ಕೋಚ್ ಆದರು. ಕೊಡುಕೊಳ್ಳುವಿಕೆ ನಡೆದೇ ಇದೆ. ನಮ್ಮ ಕಡೆಯೂ ಇದು ಅಪರಿಚಿತವಲ್ಲ. ಕೊಡಗಿನ ರಾಬಿನ್ ಉತ್ತಪ್ಪ 2017ರಲ್ಲಿ ಕರ್ನಾಟಕ ತಂಡ ಬಿಟ್ಟು ಸೌರಾಷ್ಟ್ರಕ್ಕೆ ಆಡಲು ಹೋದದ್ದು ನಿಮಗೆ ನೆನಪಿರಬಹುದು.

ಇದು ಮೋಸವೇ?

ಮಕ್ಕಳ ಪ್ರಶ್ನೆಗೆ ಮರಳೋಣ. ಈ ಲೀಗ್‌ನಲ್ಲಿ ಒಬ್ಬ ಆಟಗಾರನ ಸರಾಸರಿ ಆಯಸ್ಸು ಸುಮಾರು 3.3 ವರ್ಷ ಎಂದು ಆಟಗಾರರ ಸಂಘ ಬಹುಕಾಲದಿಂದ ಹೇಳುತ್ತ ಬಂದಿದೆ. ಲೀಗ್ ಈ ಲೆಕ್ಕವನ್ನು ಒಪ್ಪುವುದಿಲ್ಲ, ಅದರ ಪ್ರಕಾರ ತಂಡದಲ್ಲಿ ನೆಲೆಯಾದವರು ಇನ್ನೂ ಹೆಚ್ಚು ಕಾಲ ಆಡುತ್ತಾರೆ. ಸಂಘದ ಲೆಕ್ಕವೇ ಸರಿಯಾದರೆ, ಪೂರ್ಣ ಸ್ವಾತಂತ್ರ್ಯಕ್ಕೆ ಬೇಕಾದ ನಾಲ್ಕು ವರ್ಷ ತುಂಬುವ ಮೊದಲೇ ಎಷ್ಟೋ ಜನರ ಆಟ ಮುಗಿದಿರುತ್ತದೆ!

ಯಂಗ್‌ನ ಸ್ಥಾನದಲ್ಲಿ ನಿಂತು ನೋಡಿ. 28 ವರ್ಷ. ಕೊನೆಯ ಸುತ್ತಿನಲ್ಲಿ ಬಂದವನು. ತನ್ನ ಬೆಲೆಯನ್ನು ತಾನೇ ಕೇಳಬಹುದಾದ ಅವಕಾಶ ಸಿಕ್ಕಿದ್ದು ಆ ಒಂದು ಮಾರ್ಚ್‌ನಲ್ಲಿ. ಡಿಸೆಂಬರ್‌ನಲ್ಲಿ ಆದ ಪೆಟ್ಟು ಒಂಬತ್ತು ತಿಂಗಳು ಮೊದಲೇ ಆಗಿದ್ದರೆ ಆ ಒಪ್ಪಂದ ಸಿಗುತ್ತಿತ್ತೇ? ಇನ್ನು ತಂಡಗಳಾದರೂ ಯಾರಿಗೆ ನಿಷ್ಠೆ ತೋರಿಸುತ್ತವೆ? ಪೆಪ್ಪರ್ಸ್‌ರನ್ನು ಬಿಟ್ಟ ಬೇರ್ಸ್‌ನ್ನು ಯಾರೂ ದ್ರೋಹಿ ಎನ್ನಲಿಲ್ಲ, ಅದು ಬಿಸಿನೆಸ್ ಎಂದರು.

ಎಚ್-1ಬಿ ವೀಸಾದಲ್ಲಿ ಬಂದ ನಮ್ಮಲ್ಲಿ ಅನೇಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2000ದಲ್ಲಿ ಕಾನೂನು ಬದಲಾಗುವವರೆಗೆ, ಹೊಸ ಕಂಪನಿಯ ಅರ್ಜಿ ಮಂಜೂರಾಗಿ ಬರುವ ತನಕ ಹಳೆಯ ಕುರ್ಚಿಯಲ್ಲೇ ಕಾಯಬೇಕಿತ್ತು. ಆಮೇಲೆ ಅರ್ಜಿ ಸಲ್ಲಿಸಿದ ಕೂಡಲೇ ಹೊಸ ಕೆಲಸಕ್ಕೆ ಸೇರುವ ಅನುಕೂಲ ಬಂತು. ಎದುರಾಳಿ ಕಂಪನಿಗೆ ಹೋದ ಗೆಳೆಯನಿಗೆ ನಾವು ಬೀಳ್ಕೊಡುಗೆ ಊಟ ಹಾಕಿ ಕಳಿಸುತ್ತೇವೆ, ಮೋಸಗಾರ ಎನ್ನುವುದಿಲ್ಲ. ಆಟಗಾರನಿಗೂ ಅಷ್ಟು ಸೌಜನ್ಯ ಸಲ್ಲಬೇಡವೇ?

ಮುಂದಿನ ಮಾರ್ಚ್‌ನಲ್ಲಿ ನಿಮ್ಮ ಮನೆಯ ಮಗು ಜೆರ್ಸಿ ಹಿಡಿದು ಮುಖ ಸಣ್ಣ ಮಾಡಿಕೊಂಡು ಬಂದರೆ ವಿಲ್ಲಿ ಯಂಗ್‌ನ ಕಥೆ ಹೇಳಿ. ಆ ಜೆರ್ಸಿಯನ್ನು ಬಿಸಾಡುವುದು ಬೇಡ. ಆಟಗಾರ ಎದುರು ತಂಡದಲ್ಲಿ ಆಡುವಾಗ ನಮ್ಮ ತಂಡ ಗೆಲ್ಲಲಿ ಎಂದು ಕೂಗೋಣ, ಆತನಿಗೆ ಪೆಟ್ಟಾಗದಿರಲಿ ಎಂದೂ ಹಾರೈಸೋಣ.

ಎರಡೂ ಊರಿನ ಕನ್ನಡಿಗರಿಗೆ ಶುಭವಾಗಲಿ. ಸಿರಿಗನ್ನಡಂ ಗೆಲ್ಗೆ!