ಗಡ್ಡೆಯ ಸುತ್ತಲಿನ ಮಣ್ಣು

ಸ್ತನ ಕ್ಯಾನ್ಸರಿನಿಂದ ಸತ್ತವರ ಶವಪರೀಕ್ಷೆಯ ವರದಿಗಳನ್ನು ಗುಡ್ಡೆಹಾಕಿಕೊಂಡು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ ಒಂದು ಸರಳ ಲೆಕ್ಕ ಮಾಡಿದರು. 735 ಪ್ರಕರಣಗಳ ಪೈಕಿ 241ರಲ್ಲಿ ರೋಗ ಯಕೃತ್ತಿಗೆ ಹರಡಿತ್ತು, ಗುಲ್ಮಕ್ಕೆ ಹರಡಿದ್ದು ಬರೀ 17ರಲ್ಲಿ. ರಕ್ತ ಎರಡು ಅಂಗಗಳಿಗೂ ಧಾರಾಳವಾಗಿಯೇ ಹರಿಯುತ್ತದೆ. ಹಾಗಿದ್ದರೆ ಈ ತಾರತಮ್ಯ ಏಕೆ? ಬೀಜ ಎಲ್ಲ ಕಡೆ ಬೀಳುತ್ತದೆ, ಆದರೆ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂದರು ಪ್ಯಾಜೆಟ್. ರೈತರಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ. ವೈದ್ಯಲೋಕ ಮಾತ್ರ ಮುಂದಿನ ಹಲವು ದಶಕ ಬೀಜವನ್ನೇ ನೋಡುತ್ತ ಕುಳಿತಿತು.

ಆ ನೋಟ ಕದಲಿದ್ದು ಕೋಳಿಯಿಂದ. ಕೋಳಿಗಳಲ್ಲಿ ಗಡ್ಡೆ ಎಬ್ಬಿಸುವ ವೈರಸ್ಸನ್ನು ಪೇಟನ್ ರೌಸ್ 1911ರಲ್ಲೇ ತೋರಿಸಿದ್ದರು. 1984ರಲ್ಲಿ ಅಮೆರಿಕದ ಮೀನಾ ಬಿಸೆಲ್ ಮತ್ತು ಅವರ ಸಹೋದ್ಯೋಗಿ ಅದೇ ವೈರಸ್ಸನ್ನು ಮೊಟ್ಟೆಯೊಳಗಿನ ಭ್ರೂಣಕ್ಕೆ ಚುಚ್ಚಿದರು. ವೈರಸ್ ಒಳಹೊಕ್ಕಿತು, ಆದರೆ ಗಡ್ಡೆ ಏಳಲಿಲ್ಲ. ಅದೇ ಕೋಶಗಳನ್ನು ಭ್ರೂಣದಿಂದ ಬಿಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸಿದಾಗ ಕ್ಯಾನ್ಸರಿನ ಲಕ್ಷಣ ತೋರಿದವು. ದೊಡ್ಡ ಕೋಳಿಗಳಲ್ಲಿ ಇನ್ನೂ ವಿಚಿತ್ರ: ಚುಚ್ಚಿದ ಜಾಗದಲ್ಲಿ ಗಡ್ಡೆ, ದೂರದಲ್ಲೊಂದು ಗಾಯ ಮಾಡಿದರೆ ಅಲ್ಲೂ ಗಡ್ಡೆ. 1986ರಲ್ಲಿ ಹೆರಾಲ್ಡ್ ಡ್ವೊರಾಕ್ ಗಡ್ಡೆಗಳನ್ನು ಮಾಯದ ಗಾಯಗಳೆಂದೇ ಕರೆದರು.

ಗಾಯವಾದಾಗ ದೇಹ ಕಳುಹಿಸುವ ರಿಪೇರಿ ಪಡೆಯೇ ಗಡ್ಡೆಯ ಸುತ್ತಲೂ ಇರುತ್ತದೆ. ನಾರು ನೇಯುವ ಫೈಬ್ರೊಬ್ಲಾಸ್ಟ್ ಕೋಶಗಳು, ಹೊಸ ರಕ್ತನಾಳಗಳು, ರೋಗನಿರೋಧಕ ಕೋಶಗಳು, ಇವೆಲ್ಲ ಸೇರಿದ್ದಕ್ಕೆ ಸ್ಟ್ರೋಮಾ ಎಂದು ಹೆಸರು. ಇವು ಕ್ಯಾನ್ಸರ್ ಕೋಶಗಳಲ್ಲ, ಆದರೂ ಅವುಗಳಿಗೆ ಬೆಳೆಯುವ ಸಂಕೇತ ಕೊಡುತ್ತವೆ, ರಕ್ತ ಒದಗಿಸುತ್ತವೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಎಂದು ಎಲ್ಲರಿಗೂ ಅನ್ನಿಸಿತು. ಬೇಲಿಯನ್ನೇ ಕಿತ್ತರಾಯಿತಲ್ಲ?

ಕೀಳಲು ಹೊರಟದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ. ಅಲ್ಲಿ ಗಡ್ಡೆಯ ಬಹುಪಾಲು ಸ್ಟ್ರೋಮಾವೇ. ಅದು ಎಷ್ಟು ಗಟ್ಟಿಯೆಂದರೆ ರಕ್ತನಾಳಗಳು ಅದುಮಿಹೋಗಿ ಕೀಮೋ ಔಷಧ ಒಳಗೆ ಇಳಿಯುವುದೇ ಕಷ್ಟ. ಫೈಬ್ರೊಬ್ಲಾಸ್ಟ್‌ಗಳಿಗೆ ಹೋಗುವ ಹೆಜ್‌ಹಾಗ್ ಎಂಬ ಸಂಕೇತವನ್ನು ತಡೆಯುವ ಔಷಧವನ್ನು ಕೀಮೋ ಜೊತೆ ಕೊಟ್ಟಾಗ ಇಲಿಗಳ ಬದುಕು ಸರಾಸರಿ 11 ದಿನದಿಂದ 25 ದಿನಕ್ಕೆ ಏರಿತೆಂದು 2009ರಲ್ಲಿ ವರದಿಯಾಯಿತು. ಬದುಕು ತಿಂಗಳ ಲೆಕ್ಕಕ್ಕೆ ಇಳಿದ ರೋಗಿಗಳಿಗೆ ಇದು ಸಣ್ಣ ಸುದ್ದಿಯಲ್ಲ. ಮನುಷ್ಯರ ಮೇಲೆ ಪ್ರಯೋಗ ಶುರುವಾಯಿತು.

2012ರ ಜನವರಿಯಲ್ಲಿ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಕೀಮೋ ಜೊತೆ ಹುಸಿಮಾತ್ರೆ ಪಡೆದವರಿಗಿಂತ ಹೊಸ ಔಷಧ ಪಡೆದವರೇ ಬೇಗ ಸಾಯುತ್ತಿದ್ದರು. ನಂಬಿ ಸಹಿ ಹಾಕಿದ ಅವರ ಮೇಲೆಯೇ ಆ ಪಾಠದ ಬೆಲೆ ಬಿತ್ತು.

ಕಾರಣ ಸ್ಪಷ್ಟವಾಗತೊಡಗಿದ್ದು 2014ರಲ್ಲಿ. ಎರಡು ಬೇರೆ ಬೇರೆ ತಂಡಗಳು, ಒಂದು ನಾರು ನೇಯುವ ಕೋಶಗಳನ್ನೇ ಅಳಿಸಿ, ಇನ್ನೊಂದು ಆ ಸಂಕೇತದ ಜೀನನ್ನು ತೆಗೆದು, ಇಲಿಗಳಲ್ಲಿ ಪರೀಕ್ಷಿಸಿದವು. ಎರಡರಲ್ಲೂ ಕ್ಯಾನ್ಸರ್ ಇನ್ನಷ್ಟು ಉಗ್ರವಾಯಿತು, ಇಲಿಗಳು ಬೇಗ ಸತ್ತವು. ಹೊಲ ಮೇಯುತ್ತಿದ್ದ ಬೇಲಿ ಒಳಗಿನ ದನವನ್ನು ತಡೆದೂ ಇಟ್ಟಿತ್ತು.

ಅದೇ ವರ್ಷ ಮತ್ತೊಂದು ತಂಡ ಬೇಲಿ ಕೀಳುವ ಗೊಡವೆಗೆ ಹೋಗಲಿಲ್ಲ. ಸೋರಿಯಾಸಿಸ್‌ಗೆ ಹಚ್ಚುವ ಮುಲಾಮಿನಲ್ಲಿರುವ, ಡಿ ಜೀವಸತ್ವವನ್ನು ಹೋಲುವ ಕ್ಯಾಲ್ಸಿಪೋಟ್ರಯಾಲ್ ಕೊಟ್ಟು ಕೆರಳಿದ ಕೋಶಗಳನ್ನು ಮತ್ತೆ ಸುಮ್ಮನಾಗಿಸಲು ನೋಡಿತು. ಕೀಮೋ ಜೊತೆ ಅದನ್ನು ಪಡೆದ ಇಲಿಗಳು ಹೆಚ್ಚು ದಿನ ಬದುಕಿದವು. 2009ರಲ್ಲೂ ಬದುಕಿದ್ದು ಇಲಿಗಳೇ.