ಮುಗಿಲ ದಾರಿ ಎಲ್ಲಿಯವರೆಗೆ, ನೆಲದ ದಾರಿ ಎಲ್ಲಿಂದ?

ಮಾಗಡಿ, ರಾಮನಗರ ಸೀಮೆಯ ಮಗ್ಗುಲಲ್ಲೇ ಇರುವ ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರ್ ಅಗಲದ ಆಂಟೆನಾ ಆಕಾಶಕ್ಕೆ ಮುಖಮಾಡಿ ನಿಂತಿದೆ. ಚಂದ್ರಯಾನದ ಸಂಕೇತಗಳನ್ನು ಆಲಿಸಿದ ಊರು ಅದು. ಅಲ್ಲೇ 2013ರ ಮೇ 28ರಂದು ದಾರಿ ತೋರುವ ನಾವಿಕ್ ಉಪಗ್ರಹಗಳ ಕೇಂದ್ರವೂ ಆರಂಭವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು ಬಂತು. ಮಾಗಡಿಯವರಿಗೆ ಆ ಹೆಸರು ಮನೆಯ ಹೆಸರಿನಷ್ಟೇ ಆಪ್ತ.

ಡಿಸೆಂಬರ್, ಜನವರಿಯ ಬೆಳಗಿನಲ್ಲಿ ದೇವನಹಳ್ಳಿ ಮಂಜಿನಲ್ಲಿ ಮುಳುಗುತ್ತದೆ. ಆಗ ಇಳಿಯಲು ಬರುವ ಪೈಲಟ್ ರನ್‌ವೇಯನ್ನು ಕಣ್ಣಿನಿಂದ ಹುಡುಕುವಂತಿಲ್ಲ, ಉಪಕರಣವನ್ನೇ ನಂಬಬೇಕು. ಅಷ್ಟು ಹೊತ್ತು ಉಪಗ್ರಹದ ಸಂಕೇತ ಹಿಡಿದು ಬಂದವರು ನೆಲದ ಸಂಕೇತಕ್ಕೆ ಯಾವ ಗಳಿಗೆಯಲ್ಲಿ ಬದಲಾಗಬೇಕು? ಉಪಕರಣ ನಂಬಿ ವಿಮಾನ ಇಳಿಸುವ ವಿದ್ಯೆಯ ಎಂಟು ದಶಕಗಳ ಬೆಳವಣಿಗೆ ಈ ಪ್ರಶ್ನೆಗೇ ಬಂದು ಕೂಡುತ್ತದೆ ಎಂದು ನನಗನಿಸುತ್ತದೆ.

ಮೊದಲು ಬಂದದ್ದು ನೆಲದ ದಾರಿ. 1938ರ ಜನವರಿ 26ರಂದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಪ್ರಯಾಣಿಕರಿದ್ದ ಬೋಯಿಂಗ್ 247 ವಿಮಾನವೊಂದು ಹಿಮ ಸುರಿಯುತ್ತಿದ್ದಾಗಲೇ ರೇಡಿಯೊ ಕಿರಣಗಳ ಆಸರೆಯಲ್ಲಿ ಇಳಿಯಿತು. ಇಳಿಯಲು ನೆರವಾಗುವ ಇಂದಿನ ಐಎಲ್‌ಎಸ್ ವ್ಯವಸ್ಥೆ ಅದೇ ತತ್ವದ ಮೇಲೆ ನಿಂತಿದೆ. ರನ್‌ವೇಯ ಆಚೆ ತುದಿಯ ಲೋಕಲೈಸರ್ ಎಡ-ಬಲ ಹೇಳುತ್ತದೆ; ಪಕ್ಕದ ಗ್ಲೈಡ್ ಸ್ಲೋಪ್ ಸುಮಾರು 3 ಡಿಗ್ರಿ ಇಳಿಜಾರಿನ ಗೆರೆ ಎಳೆಯುತ್ತದೆ. ಆದರೆ ಅದು ರನ್‌ವೇಗಷ್ಟೇ ಕಟ್ಟಿದ ಕಿರಣ. ಗ್ಲೈಡ್ ಸ್ಲೋಪ್‌ನ ಭರವಸೆ ಸುಮಾರು 10 ನಾಟಿಕಲ್ ಮೈಲಿ, ಲೋಕಲೈಸರ್‌ನದು ಎದುರು ದಿಕ್ಕಿನಲ್ಲಿ ಸುಮಾರು 25. ಅಲ್ಲಿಯವರೆಗೆ ವಿಮಾನವನ್ನು ತಂದು ಬಿಡಲು ಬೇರೆ ಆಸರೆ ಬೇಕು. ಹಿಂದೆ ವಿಒಆರ್ ಎಂಬ ನೆಲದ ರೇಡಿಯೊ ಕೇಂದ್ರಗಳು, ರಾಡಾರ್ ಆ ಕೆಲಸ ಮಾಡುತ್ತಿದ್ದವು.

2000ದ ಮೇ ತಿಂಗಳಲ್ಲಿ ಅಮೆರಿಕ ಜಿಪಿಎಸ್‌ನಲ್ಲಿ ಬೇಕೆಂದೇ ಇಟ್ಟಿದ್ದ ದೋಷವನ್ನು ತೆಗೆದ ಮೇಲೆ ಆ ಕೆಲಸ ಬಹುಪಾಲು ಉಪಗ್ರಹದ್ದಾಯಿತು. ಇಳಿಯುವಿಕೆಯ ಕೊನೆಯ ಹಂತಕ್ಕೂ ಅದನ್ನು ತರುವ ಯತ್ನ ನಮ್ಮಲ್ಲಿ ಗಗನ್ ಎಂಬ ಹೆಸರು ಪಡೆಯಿತು. ನಾವಿಕ್ ಮತ್ತು ಗಗನ್ ಒಂದೇ ಎಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ನಾವಿಕ್ ನಮ್ಮದೇ ಪ್ರತ್ಯೇಕ ವ್ಯವಸ್ಥೆ. ಗಗನ್ ಜಿಪಿಎಸ್‌ನ ತಪ್ಪನ್ನು ತಿದ್ದುತ್ತದೆ, ಸಂಕೇತ ಕೆಟ್ಟರೆ ಕೆಲವೇ ಸೆಕೆಂಡುಗಳಲ್ಲಿ ಎಚ್ಚರಿಸುತ್ತದೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಇದಕ್ಕೆ ದೇಶದ 15 ಕಡೆ ಅಳತೆ ಕೇಂದ್ರಗಳಿವೆ, ನಿಯಂತ್ರಣ ಬೆಂಗಳೂರಿನ ಕುಂದಲಹಳ್ಳಿಯಿಂದ ನಡೆಯುತ್ತದೆ.

ಭೂಮಧ್ಯರೇಖೆಗೆ ಹತ್ತಿರದ ನಮ್ಮ ಆಕಾಶ ಇದಕ್ಕೆ ಸುಲಭದ್ದಲ್ಲ. ಸಂಜೆಯ ಹೊತ್ತು ಅಯಾನುಗೋಳ ಕದಡುತ್ತದೆ, ಸಂಕೇತ ನಡುಗುತ್ತದೆ. ಅಮೆರಿಕ, ಯುರೋಪಿನ ಲೆಕ್ಕ ಇಲ್ಲಿ ಸಾಲದು ಎಂದು ಇಸ್ರೋ ಬೇರೆಯದೇ ಮಾದರಿ ರೂಪಿಸಿತು. 2013ರ ಡಿಸೆಂಬರ್ 30ರಂದು ಹಾರುವ ದಾರಿಗೆ, 2015ರ ಏಪ್ರಿಲ್ 21ರಂದು ಇಳಿಯುವ ದಾರಿಗೆ ವಿಮಾನಯಾನ ನಿಯಂತ್ರಕ ಡಿಜಿಸಿಎ ಮಾನ್ಯತೆ ನೀಡಿತು. 2022ರ ಏಪ್ರಿಲ್ 28ರಂದು ಇಂಡಿಗೋದ ಎಟಿಆರ್ ವಿಮಾನ ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆರವಿನಿಂದ ಇಳಿಯಿತು. ಸಣ್ಣ ಊರುಗಳಿಗೆ ಇದು ವರ. ಆದರೂ ಮಿತಿ ಉಂಟು: ಗಗನ್‌ನ ಈ ದಾರಿಯಲ್ಲಿ ಸುಮಾರು 250 ಅಡಿಯವರೆಗೆ ಇಳಿಯಬಹುದು, ಅಷ್ಟರಲ್ಲಿ ರನ್‌ವೇ ಕಾಣದಿದ್ದರೆ ಮೇಲೇರಬೇಕು. ದಟ್ಟ ಮಂಜಿಗೆ ಇಂದಿಗೂ ಉತ್ತರ ನೆಲದ ಐಎಲ್‌ಎಸ್. 2019ರ ಡಿಸೆಂಬರ್ 6ರಂದು ತೆರೆದ ದೇವನಹಳ್ಳಿಯ ದಕ್ಷಿಣ ರನ್‌ವೇಯನ್ನು ಅದರ ಮೇಲ್ದರ್ಜೆಗೆ ಸಜ್ಜುಗೊಳಿಸಿದ್ದು ಅದಕ್ಕೇ.

ಈಗ ಬದಲಾವಣೆಯ ಗಳಿಗೆ. ಪೈಲಟ್ ಮೊದಲು ಐಎಲ್‌ಎಸ್‌ನ ಕಂಪನಾಂಕ ಹಾಕಿ, ಅದು ಕೂಗುವ ಮಾರ್ಸ್ ಗುರುತನ್ನು ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಗುರುತು ಕೇಳದ ಕಿರಣವನ್ನು ನಂಬುವಂತಿಲ್ಲ. ದೊಡ್ಡ ವಿಮಾನಗಳಲ್ಲಿ ಅಪ್ರೋಚ್ ಗುಂಡಿ ಒತ್ತಿದರೆ, ಉಪಗ್ರಹದ ದಾರಿಯಲ್ಲಿ ಸಾಗುತ್ತಿದ್ದಂತೆಯೇ ಲೋಕಲೈಸರ್ ಸಿಕ್ಕ ಕೂಡಲೇ ಆಟೋಪೈಲಟ್ ಅದನ್ನು ಹಿಡಿಯುತ್ತದೆ. ಸಣ್ಣ ವಿಮಾನಗಳ ಹಲವು ಉಪಕರಣಗಳಲ್ಲಿ ಕೈಯಿಂದಲೇ ಬದಲಿಸಬೇಕು, ಎಡವುವುದು ಅಲ್ಲೇ. ಬೇಗ ಬದಲಿಸಿದರೆ ಕಿರಣ ಇನ್ನೂ ಗಟ್ಟಿಯಾಗಿರುವುದಿಲ್ಲ, ಇದ್ದ ದಾರಿಯೂ ಕೈತಪ್ಪುತ್ತದೆ. ಬದಲಿಸಲು ಮರೆತರೆ ಉಪಕರಣದ ಮುಳ್ಳು ನಡುವೆಯೇ ನೆಟ್ಟಗೆ ನಿಂತಿರುತ್ತದೆ. ಅದು ತೋರಿಸುತ್ತಿರುವುದು ಮಾತ್ರ ಜಿಪಿಎಸ್ ದಾರಿಯನ್ನು. ಈ ಎರಡನೆಯದೇ ಹೆಚ್ಚು ಅಪಾಯ, ಎಲ್ಲ ಸರಿಯಿದೆ ಎಂದು ಅದು ನಂಬಿಸುತ್ತದೆ. ಆದ್ದರಿಂದ ಕೊನೆಯ ತಿರುವಿನಲ್ಲಿ, ಲೋಕಲೈಸರ್ ಮುಳ್ಳು ಚಲಿಸತೊಡಗಿದಾಗ, ಅಂತಿಮ ಇಳಿಕೆಯ ಬಿಂದುವಿಗಿಂತ ಸಾಕಷ್ಟು ಮೊದಲೇ ಬದಲಾವಣೆ ಮುಗಿದಿರಬೇಕು. ಗ್ಲೈಡ್ ಸ್ಲೋಪ್ ಅನ್ನು ಕೆಳಗಿನಿಂದಲೇ ಹಿಡಿಯಬೇಕು, ಏಕೆಂದರೆ ನಿಜವಾದ ಗೆರೆಯ ಮೇಲೆ ಕಡಿದಾದ ಸುಳ್ಳು ಗೆರೆಗಳಿರುತ್ತವೆ. ಇಳಿಯಲಾಗದೆ ಮೇಲೇರಿದರೆ ಮತ್ತೆ ಉಪಗ್ರಹದ ದಾರಿಗೆ ಮರಳುವ ಕೆಲಸವೂ ಇರುತ್ತದೆ. ವಿಒಆರ್ ವಿಚಾರದಲ್ಲಿ ಅಮೆರಿಕದ ನಿಯಮ ಸಡಿಲ: ಆ ಕೇಂದ್ರ ಚಾಲೂ ಇದ್ದು ಅದರ ಮುಳ್ಳಿನ ಮೇಲೆ ಕಣ್ಣಿದ್ದರೆ ಜಿಪಿಎಸ್ ಹಿಡಿದೇ ಇಳಿಯಬಹುದು. ಲೋಕಲೈಸರ್‌ಗೆ ಬದಲಿಯಾಗಿ ಮಾತ್ರ ಜಿಪಿಎಸ್ ಸಲ್ಲದು.

ಉಪಕರಣವಿದ್ದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ ಎಂಬುದನ್ನು ಕರ್ನಾಟಕ ನೋವಿನಿಂದ ಕಲಿತಿದೆ. 1990ರ ಫೆಬ್ರವರಿ 14ರಂದು ಎಚ್‌ಎಎಲ್ ನಿಲ್ದಾಣದ ಬಳಿ ಎ320 ವಿಮಾನ ಬಿದ್ದು 146 ಜನರಲ್ಲಿ 92 ಮಂದಿ ಸತ್ತರು. ಅಂದು ಮಂಜಿರಲಿಲ್ಲ, ಎಂಜಿನ್‌ಗಳನ್ನು ಕನಿಷ್ಠ ಶಕ್ತಿಯಲ್ಲಿಟ್ಟು ವಿಮಾನ ಯಾವ ಕ್ರಮದಲ್ಲಿ ಇಳಿಯುತ್ತಿದೆ ಎಂಬುದು ಕಾಕ್‌ಪಿಟ್‌ನಲ್ಲಿದ್ದವರಿಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು. 2010ರ ಮೇ 22ರಂದು ಮಂಗಳೂರಿನಲ್ಲಿ ಐಎಲ್‌ಎಸ್ ಇತ್ತು, ರಾಡಾರ್ ಕೆಟ್ಟಿತ್ತು. ಇಳಿಯಲು ತಡವಾಗಿ ಶುರುಮಾಡಿದ ವಿಮಾನ ಗೆರೆಗಿಂತ ಬಹಳ ಮೇಲಿತ್ತು. ಮೇಲೇರೋಣವೆಂದು ಸಹಪೈಲಟ್ ಹೇಳಿದ್ದೂ ಫಲಿಸಲಿಲ್ಲ. 158 ಜನ ತೀರಿಕೊಂಡರು, ಉಳಿದವರು 8 ಮಂದಿ.

ಇತ್ತೀಚೆಗೆ ಇನ್ನೊಂದು ಕಂಟಕ ಸೇರಿದೆ. ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಬರುವ ಜಿಪಿಎಸ್ ಸಂಕೇತ ಬಲು ಕ್ಷೀಣ. ನೆಲದ ಮೇಲಿನ ಪ್ರಸಾರ ಯಂತ್ರವೊಂದು ಅದನ್ನು ಅಡಗಿಸಬಲ್ಲದು, ಸುಳ್ಳು ಸ್ಥಾನವನ್ನೂ ಹೇಳಬಲ್ಲದು. 2023ರ ನವೆಂಬರಿನಿಂದ 2025ರ ಫೆಬ್ರವರಿವರೆಗೆ ಗಡಿ ಭಾಗದಲ್ಲಿ, ಮುಖ್ಯವಾಗಿ ಅಮೃತಸರ ಮತ್ತು ಜಮ್ಮು ಸುತ್ತ, ಇಂಥ 465 ಪ್ರಕರಣಗಳಾದವೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. 2025ರ ನವೆಂಬರಿನಲ್ಲಿ ದೆಹಲಿಯ ರನ್‌ವೇ 10ಕ್ಕೆ ಉಪಗ್ರಹದ ದಾರಿಯಲ್ಲಿ ಬರುತ್ತಿದ್ದ ವಿಮಾನಗಳು ಈ ಮೋಸಕ್ಕೆ ಸಿಕ್ಕಾಗ, ನೆಲದ ಸಾಧನಗಳಿದ್ದ ಉಳಿದ ರನ್‌ವೇಗಳಿಗೆ ತೊಂದರೆಯಾಗಲಿಲ್ಲ. ಸಂಕೇತದ ಮೋಸ ವರದಿಯಾದ ಊರುಗಳ ಪಟ್ಟಿಯಲ್ಲಿ ಬೆಂಗಳೂರಿನ ಹೆಸರೂ ಇತ್ತು. ನೆಲದ ಸಾಧನಗಳ ಕನಿಷ್ಠ ಜಾಲವನ್ನು ಉಳಿಸಿಕೊಳ್ಳುವ ಸರ್ಕಾರದ ನಿಲುವು ಸರಿ. ಕೊನೆಯ ಹಂತಕ್ಕೂ ಮುಂಚೆ ನೆಲದ ದಾರಿ ಹಿಡಿಯಬೇಕೆಂಬ ಹಳೆಯ ಪಾಠಕ್ಕೆ ಈಗ ಹೊಸ ಕಾರಣ ಸಿಕ್ಕಿದೆ.

ಕನಕಪುರ ರಸ್ತೆಯ ಚೂಡಹಳ್ಳಿ, ಸೋಮನಹಳ್ಳಿಗಳನ್ನು ಬೆಂಗಳೂರಿನ ಎರಡನೆಯ ವಿಮಾನ ನಿಲ್ದಾಣಕ್ಕಾಗಿ 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ನೋಡಿ ಹೋಯಿತು. ಬಂಡೆ, ದಿಣ್ಣೆಗಳ ಸೀಮೆ ಇದು. ಗ್ಲೈಡ್ ಸ್ಲೋಪ್‌ನ ಕಿರಣ ಆಂಟೆನಾ ಮುಂದಿನ ಸಮತಟ್ಟು ನೆಲದಿಂದ ಪ್ರತಿಫಲಿಸಿಯೇ ರೂಪುಗೊಳ್ಳುತ್ತದೆ. ಈ ಕಡೆ ನಿಲ್ದಾಣ ಬರುವುದೇ ಆದರೆ, ಆ ನೆಲವನ್ನು ರನ್‌ವೇಯ ಜೊತೆಗೇ ಗುರುತಿಸಿ ಸಮತಟ್ಟಾಗಿ ಉಳಿಸಿಕೊಳ್ಳುವ ಮಾತು ಮೊದಲ ನಕ್ಷೆಯಲ್ಲೇ ಬರಬೇಕು.